ಅವ್ವನ ಹಾಜರಿ

ನನ್ನ ಗೈಡ್ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರ ಬಗ್ಗೆ ಒಳ್ಳೆಯ ಮಾತು ಆಡುವ ಮನಸ್ಸು ನನಗೆ ಉಳಿದಿರುತ್ತದೋ ಇಲ್ಲವೋ ಗೊತ್ತಿಲ್ಲ. ಪಿಎಚ್‌.ಡಿ.ಗೆ ನೋಂದಾಯಿಸಿಕೊಂಡ ಮೊದಲ ವಾರವೇ ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡು, ರಾಜ್ಯಶಾಸ್ತ್ರದ ಸಂಶೋಧನೆಗೆ ಅಂತರ್ಜಾಲದಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂದು ಒಂದು ಪಟ್ಟಿ ಬರೆಸಿದರು. ಮೊದಲು ಸರ್ಕಾರಿ ಜಾಲತಾಣ. ಆಮೇಲೆ ವಿಶ್ವವಿದ್ಯಾಲಯಗಳು ಏರಿಸಿಟ್ಟ ಹಳೆಯ ಪ್ರಬಂಧಗಳು, ಆಮೇಲೆ ಜರ್ನಲ್ಲುಗಳು. ಪತ್ರಿಕೆಗಳ ವರದಿ ಬೇರೆ ದಾರಿಯೇ ಇಲ್ಲದಾಗ. ವಾಟ್ಸಾಪಿನಲ್ಲಿ ಬಂದದ್ದು, ಯಾರೋ ಬ್ಲಾಗಿನಲ್ಲಿ ಗೀಚಿದ್ದು, ಎಐ ಹೇಳಿದ್ದು ಬೇಡವೇ ಬೇಡ. ಸರ್ಕಾರಿ ಜಾಲತಾಣ ಅನ್ನುವುದರ ಕೆಳಗೆ ಅವರೇ ನನ್ನ ಪೆನ್ನು ಇಸಿದುಕೊಂಡು ಎರಡು ಸಲ ಗೆರೆ ಎಳೆದರು.

ನಾನು ನಿಷ್ಠೆಯಿಂದ ಬರೆದುಕೊಂಡೆ. ಬರೆದುಕೊಂಡದ್ದಷ್ಟೇ ಅಲ್ಲ, ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ, ಅಲ್ಲಿಯ ಬಿ.ಎ. ಹುಡುಗಿಯರಿಗೂ ಅದೇ ಪಟ್ಟಿಯನ್ನು ಬರೆಸಿದೆ. ಅತಿಥಿ ಅಂದರೆ ವರ್ಷಕ್ಕೊಮ್ಮೆ ಬಾಗಿಲಾಚೆ ನಿಲ್ಲಿಸಿ, ಬೇಕಾದರೆ ಮತ್ತೆ ಒಳಗೆ ಕರೆಯುವ ಅತಿಥಿ. ಪಿಎಚ್‌.ಡಿ. ಮುಗಿದರೆ ಆ ಪದ ನನ್ನ ಬೆನ್ನು ಬಿಡಬಹುದು ಎಂಬ ಆಸೆ ನನಗಿತ್ತು, ಈಗಲೂ ಇದೆ. ಅದನ್ನು ಮುಚ್ಚಿಟ್ಟುಕೊಂಡು ದೊಡ್ಡ ಮಾತು ಆಡುವುದಕ್ಕೆ ನನ್ನಿಂದ ಆಗುವುದಿಲ್ಲ.

ನನ್ನ ವಿಷಯ, ಗ್ರಾಮ ಪಂಚಾಯಿತಿಗಳಲ್ಲಿ ಮಹಿಳಾ ಸದಸ್ಯರ ಭಾಗವಹಿಸುವಿಕೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳು ನನ್ನ ಕ್ಷೇತ್ರ. ಈ ಐದನ್ನು ಅಂತರ್ಜಾಲದಲ್ಲಿ ಹುಡುಕಿ ನೋಡಿದವರಿಗೇ ಗೊತ್ತು ಅದರ ಸಂಕಟ. ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, ದಾವಣಗೆರೆಗೆ ಹೋಯಿತು, ತಿರುಗಿ ಬಳ್ಳಾರಿಗೆ ಬಂತು, ಈಗ ವಿಜಯನಗರದಲ್ಲಿದೆ. ಅಲ್ಲಿಯ ಜನ ಕೂತ ಜಾಗದಿಂದ ಏಳದೆಯೇ ಇಷ್ಟು ಜಿಲ್ಲೆ ಸುತ್ತಿದ್ದಾರೆ. ಅವರ ಅಂಕಿ-ಅಂಶ ಮಾತ್ರ ನಡುದಾರಿಯಲ್ಲಿ ಎಲ್ಲೋ ಇಳಿದು ಹೋಗಿದೆ. ಒಂದು ಜಾಲತಾಣದಲ್ಲಿ ಹರಪನಹಳ್ಳಿಯನ್ನು ಎರಡು ಜಿಲ್ಲೆಗಳಲ್ಲಿಯೂ ಸೇರಿಸಿದ್ದರು, ಇನ್ನೊಂದರಲ್ಲಿ ಎರಡರಿಂದಲೂ ಬಿಟ್ಟಿದ್ದರು. ಕೊಟ್ಟೂರು ಮೊನ್ನೆ ಮೊನ್ನೆಯವರೆಗೆ ಕೂಡ್ಲಿಗಿಯ ಹೋಬಳಿ, ಹಾಗಾಗಿ ಹಿಂದಿನ ಪಟ್ಟಿಗಳಲ್ಲಿ ಕೊಟ್ಟೂರು ಅನ್ನುವ ತಾಲ್ಲೂಕೇ ಇಲ್ಲ. ಇದನ್ನೆಲ್ಲ ಕೂಡಿಸಿ ಕಳೆದು ಒಂದು ಕೋಷ್ಟಕ ಮಾಡುವುದಕ್ಕೆ ನನಗೆ ಒಂದು ಬೇಸಿಗೆ ಹಿಡಿಯಿತು.

ಇನ್ನು ಜರ್ನಲ್ಲುಗಳು. ಹೆಚ್ಚಿನವು ಮೊದಲ ಪುಟ ತೋರಿಸಿ ಬಾಗಿಲು ಹಾಕಿಕೊಳ್ಳುತ್ತವೆ. ತೆರೆದವುಗಳಲ್ಲಿ 'ಕೂಡ್ಲಿಗಿ, ಮಹಿಳೆ' ಎಂದು ಇಂಗ್ಲಿಷಿನಲ್ಲಿ ಹಾಕಿ ನೋಡಿದೆ. ದೇವರಿಗೆ ಬಿಡುವ ಪದ್ಧತಿಯ ಬಗ್ಗೆ ಒಂದರ ಮೇಲೊಂದು ಲೇಖನ ಬಿದ್ದವು. ಆ ಪದ್ಧತಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ನಮ್ಮ ಕೇರಿಯಲ್ಲಿ ಅದರ ನೋವು ಉಂಡವರನ್ನು ನೋಡುತ್ತ ಬೆಳೆದವಳು ನಾನು. ಆದರೆ ನಮ್ಮ ಹೆಂಗಸರು ಅದನ್ನು ಬಿಟ್ಟು ಬೇರೇನೂ ಮಾಡಿಯೇ ಇಲ್ಲವೇ? ಹೊಲ ಮಾಡಲಿಲ್ಲವೇ, ಓಟು ಹಾಕಲಿಲ್ಲವೇ, ಚುನಾವಣೆಗೆ ನಿಲ್ಲಲಿಲ್ಲವೇ? ಎಲ್ಲೆಲ್ಲಿಂದಲೋ ಬಂದು, ಎರಡು ದಿನ ಇದ್ದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿ ಬರೆದು, ನಮ್ಮ ತಾಲ್ಲೂಕಿಗೆ ಒಂದು ಗುರುತು ಅಂಟಿಸಿ ಹೋಗಿದ್ದಾರೆ. ಓದುತ್ತ ಓದುತ್ತ ನನಗೆ ಮೈ ಉರಿಯಿತು. ನಾನಾದರೂ ಬೇರೆ ರೀತಿ ಬರೆಯುತ್ತೇನೆ ಎಂದುಕೊಂಡೆ.

ಬೇರೆ ರೀತಿ ಬರೆಯಲು ದಾರಿ ಸಿಕ್ಕಿತು ಎಂದು ನಾನು ಕುಣಿದಾಡಿದ್ದು ಪಂಚಾಯಿತಿಗಳ ಸಭಾ ನಡವಳಿಗಳು ಸರ್ಕಾರಿ ಜಾಲತಾಣದಲ್ಲಿಯೇ ಇವೆ ಎಂದು ಗೊತ್ತಾದಾಗ. ಯಾವ ತಿಂಗಳು ಸಭೆ ನಡೆಯಿತು, ಯಾರು ಬಂದಿದ್ದರು, ಯಾವ ಠರಾವನ್ನು ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಎಲ್ಲವೂ ಅಲ್ಲಿತ್ತು. ಪಂಚಾಯಿತಿ ಪಂಚಾಯಿತಿಯನ್ನೇ ತೆರೆದು ನೋಡಿದೆ. ಮಹಿಳಾ ಸದಸ್ಯರೆಲ್ಲ ಸಭೆಗೆ ತಪ್ಪದೆ ಹಾಜರು. ಗಂಡಸು ಸದಸ್ಯರು ಆಗೊಮ್ಮೆ ಈಗೊಮ್ಮೆ ತಪ್ಪಿಸಿಕೊಂಡಿದ್ದಾರೆ, ಹೆಂಗಸರು ಇಲ್ಲ. ಹೆರಿಗೆಯಾದ ತಿಂಗಳಲ್ಲೂ ಹಾಜರು. ನಾನು ಅದನ್ನೆಲ್ಲ ಕೋಷ್ಟಕಕ್ಕೆ ಇಳಿಸಿ, 'ಮಹಿಳಾ ಸದಸ್ಯರ ಹಾಜರಾತಿ ಪುರುಷರಿಗಿಂತ ಗಣನೀಯವಾಗಿ ಉತ್ತಮವಾಗಿದೆ' ಎಂದು ಬರೆದು ಅಧ್ಯಾಯ ಮುಗಿಸಿದೆ. ಗೈಡ್ ಓದಿ, ಹೊಸ ವಿಷಯ, ಗಟ್ಟಿಯಾದ ಆಧಾರ ಎಂದು ಮೆಚ್ಚಿಕೊಂಡರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಹಾಜರಿ ಸುಳ್ಳು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಮ್ಮ ಕಡೆ ಯಾರನ್ನು ಕೇಳಿದರೂ ಗೊತ್ತು. ಸಭೆ ನಡೆದ ಮೇಲೆ, ಕೆಲವು ಸಲ ನಡೆಯುವುದಕ್ಕೂ ಮುಂಚೆ, ನಡವಳಿ ಪುಸ್ತಕ ಒಂದು ಕೈಚೀಲದಲ್ಲಿ ಕೂತು ಮಹಿಳಾ ಸದಸ್ಯರ ಮನೆ ಮನೆಗೆ ಹೋಗುತ್ತದೆ. ಪಂಚಾಯಿತಿಯ ವಾಟರ್‌ಮ್ಯಾನ್ ಅದನ್ನು ಹೊತ್ತುಕೊಂಡು ಬರುತ್ತಾನೆ. ಹೆಂಗಸರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವನು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕುತ್ತಾರೆ. ಗಂಡ ಇದ್ದರೆ ಗಂಡನೇ ಸಭೆಗೆ ಹೋಗಿ ಕುರ್ಚಿಯ ಮೇಲೆ ಕೂತು ಬಂದಿರುತ್ತಾನೆ. ಇಷ್ಟೆಲ್ಲ ಕಣ್ಣಾರೆ ನೋಡಿದ್ದ ನಾನು, ಸರ್ಕಾರಿ ಜಾಲತಾಣದಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ಸತ್ಯ ಎಂದು ಬರೆದೆ. ಪಟ್ಟಿಯಲ್ಲಿ ಎರಡು ಗೆರೆ ಎಳೆದಿದ್ದರಲ್ಲ, ಆ ಗೆರೆಯ ಹಿಂದೆ ಅಡಗಿ ಕೂತೆ. ಬೇರೆಯವರ ಮೇಲಿನ ಸಿಟ್ಟಿಗಿಂತ ಈ ಸಿಟ್ಟು ನನಗೆ ಹೆಚ್ಚು.

ಅಧ್ಯಾಯ ಮೆಚ್ಚಿಕೊಂಡ ಗೈಡ್, ಒಂದು ಪಂಚಾಯಿತಿಯನ್ನು ಮಾತ್ರ ತೆಗೆದುಕೊಂಡು ಹಳೆಯ ವರ್ಷಗಳಿಂದ ಇಲ್ಲಿಯವರೆಗೆ ನೋಡಿ, ನಿಮ್ಮೂರಿನದೇ ಆದರೆ ಇನ್ನೂ ಒಳ್ಳೆಯದು ಎಂದರು. ನಮ್ಮೂರು ಕೂಡ್ಲಿಗಿ ತಾಲ್ಲೂಕಿನಲ್ಲಿದೆ. ಊರಿನ ಹೆಸರು ಬರೆಯುವುದಿಲ್ಲ. ಅವ್ವ ಅಲ್ಲಿ ಇನ್ನೂ ಬಾಳಬೇಕಲ್ಲ. ಹಳೆಯ ನಡವಳಿಗಳನ್ನೂ ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಏರಿಸಿದ್ದರು. ಕಾಲೇಜಿನ ಗ್ರಂಥಾಲಯದಲ್ಲಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಆ ವರ್ಷಗಳನ್ನು ತೆರೆದೆ, ನಮ್ಮ ಅವ್ವನೂ ಒಂದು ಅವಧಿಗೆ ಪಂಚಾಯಿತಿ ಸದಸ್ಯೆಯಾಗಿದ್ದ ವರ್ಷಗಳನ್ನು. ಪುಟಗಳು ಹಳದಿಯಾಗಿ, ಸೊಟ್ಟಗೆ ಬಂದಿದ್ದವು. ಅವ್ವನ ಸಹಿ ನೋಡುತ್ತ ಹೋದಂತೆ ಮೊದಲು ನನಗೆ ಖುಷಿಯೇ ಆಯಿತು. ಆಮೇಲೆ ಆ ಠರಾವು ಬಂತು.

ಕೇರಿಗೆ ಮಂಜೂರಾಗಿದ್ದ ನೀರಿನ ಮಿನಿ ಟ್ಯಾಂಕನ್ನು, ಅಲ್ಲಿ ಸೂಕ್ತ ಜಾಗ ಇಲ್ಲದ ಕಾರಣ, ಊರ ನಡುವಿನ ಚಾವಡಿಯ ಮುಂದೆ ಕಟ್ಟಿಸಬೇಕು ಎಂದು ಕೇರಿಯ ಸದಸ್ಯರೇ ಸೂಚಿಸಿದ ಮೇರೆಗೆ ಸರ್ವಾನುಮತದಿಂದ ಒಪ್ಪಲಾಯಿತು. ಸೂಚಕರು ಅನ್ನುವ ಕಡೆ ಅವ್ವನ ಹೆಸರು, ಮುಂದೆ ಸಹಿ. ಸಹಿಯ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ.

ಅವ್ವ ಚುಕ್ಕೆ ಇಡುವವಳಲ್ಲ. ಆ ಚುಕ್ಕೆಗಳು ನನ್ನವು.

ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ಕೂಲಿಗೆ ಹೋಗುತ್ತಿದ್ದಳು. ನಮ್ಮ ವಾರ್ಡಿಗೆ ಮಹಿಳಾ ಮೀಸಲಾತಿ ಬಂದಾಗ ಊರ ದೊಡ್ಡವರು ಕೇರಿಗೆ ಬಂದು, ಗಂಡ ಇಲ್ಲದವಳು, ಎದುರು ಮಾತಾಡದವಳು ಎಂದು ಅವ್ವನನ್ನು ಆರಿಸಿ ನಿಲ್ಲಿಸಿದರು. ಅವ್ವ ಗೆದ್ದಳು. ಹೆಬ್ಬೆಟ್ಟು ಒತ್ತುವುದು ಬೇಡ, ಸಹಿ ಮಾಡು ಎಂದು ಅವಳಿಗೆ ಅಕ್ಷರ ತಿದ್ದಿಸಿದವಳು ನಾನೇ. ಸ್ಲೇಟಿನ ಮೇಲೆ ನಾನು ಬರೆದದ್ದರ ಮೇಲೆ ಅವಳು ಬಳಪ ಆಡಿಸುತ್ತಿದ್ದಳು, ಹಾಗಾಗಿ ಅವಳ ಸಹಿಯ ರೂಪ ನನ್ನದೇ ಕೈಯದು. ಪುಸ್ತಕ ಬಂದಾಗ ಅವ್ವ ಹೊಲದಲ್ಲಿದ್ದರೆ ನಾನೇ ಹಾಕಿ ಕಳಿಸುತ್ತಿದ್ದೆ. ವಾಟರ್‌ಮ್ಯಾನ್ ಮೊದಲ ಸಲ ಸ್ವಲ್ಪ ಅನುಮಾನ ಮಾಡಿದ, ಆಮೇಲೆ ಅವನಿಗೂ ಅದೇ ಸಲೀಸಾಯಿತು. ನಾನಾಗ ಹತ್ತನೇ ತರಗತಿ. ನಮ್ಮ ಹೆಡ್‌ಮಾಸ್ತರರು ಸಹಿಯ ಕೆಳಗೆ ಗೆರೆ ಎಳೆದು ಎರಡು ಚುಕ್ಕೆ ಇಡುತ್ತಿದ್ದರು. ಅದು ದೊಡ್ಡವರ ಲಕ್ಷಣ ಎಂದುಕೊಂಡು ನಾನೂ ಇಟ್ಟೆ. ಒಂದು ಸಲವೂ ಮೇಲೆ ಏನು ಬರೆದಿದೆ ಎಂದು ಓದಲಿಲ್ಲ. ಕ್ಲಾಸಿಗೆ ಮೊದಲ ಸ್ಥಾನದ ಹುಡುಗಿ, ಓದಲು ಬರುತ್ತಿತ್ತು, ಓದಲಿಲ್ಲ. ಪುಸ್ತಕವನ್ನು ನನ್ನ ತೊಡೆಯ ಮೇಲೆ ಇಡುತ್ತಾರಲ್ಲ, ಅದೇ ನನಗೆ ದೊಡ್ಡದಾಗಿತ್ತು.

ಟ್ಯಾಂಕು ಚಾವಡಿಯ ಮುಂದೆ ಎದ್ದು ನಿಂತಾಗ ನಾನು ಪಿಯುಸಿಗೆಂದು ಕೂಡ್ಲಿಗಿಯ ಹಾಸ್ಟೆಲಿಗೆ ಹೋಗಿದ್ದೆ. ಕೇರಿಯ ಹೆಂಗಸರು ಕೊಡ ಹೊತ್ತು ಊರೊಳಗೆ ಹೋಗಿ, ಊರಿನವರು ಹಿಡಿದು ಮುಗಿಸುವವರೆಗೆ ಒಂದು ಬದಿಗೆ ನಿಲ್ಲುವುದು ಶುರುವಾಯಿತು. ನಮ್ಮ ಟ್ಯಾಂಕು ಅಲ್ಲಿಗೆ ಹೆಂಗೆ ಹೋಯಿತು ಎಂದು ಅವರೆಲ್ಲ ಸೇರಿ ಪಂಚಾಯಿತಿಗೆ ಹೋಗಿ ಕೇಳಿದರಂತೆ. ಅಲ್ಲಿ ಪುಸ್ತಕ ತೆಗೆದು ತೋರಿಸಿದರು. ನಿಮ್ಮ ಸದಸ್ಯೆಯೇ ಹೇಳಿದ್ದು, ನಿಮ್ಮ ಸದಸ್ಯೆಯದೇ ಸಹಿ. ಅವ್ವ ಮನೆ ಮನೆಗೆ ಹೋಗಿ, ನಾನು ಹಾಗೆ ಹೇಳಿಲ್ಲ, ಆ ಸಭೆಗೆ ಹೋಗಿಯೂ ಇಲ್ಲ, ಅವತ್ತು ಶೇಂಗಾ ಕೀಳಲು ನಿಮ್ಮ ಜೊತೆಗೇ ಇದ್ದೆ ಎಂದು ಹೇಳಿದಳು. ಯಾರೂ ನಂಬಲಿಲ್ಲ. ನೀರು ಮಾರಿದಾಕಿ ಎಂದು ಹೆಸರಿಟ್ಟರು. ಕೂಲಿಗೆ ಹೋಗುವ ಗುಂಪಿನಲ್ಲಿ ಅವಳಿಗೆ ಸಾಲು ಬಿಡಲಿಲ್ಲ. ಅವಳು ಬೇರೆ ಓಣಿಯವರ ಜೊತೆ ಹೋಗಬೇಕಾಯಿತು. ಸೀಮಂತಕ್ಕೆ, ತೊಟ್ಟಿಲಿಗೆ ಕರೆಯುವುದು ನಿಂತಿತು. ಹಾಸ್ಟೆಲಿನಿಂದ ಬಂದಾಗಲೆಲ್ಲ ನಾನು ಅವ್ವನ ಪರವಾಗಿ ಕುದಿಯುತ್ತಿದ್ದೆ. ಯಾವನೋ ಖೋಟಾ ಸಹಿ ಹಾಕಿದ್ದಾನೆ, ಅವನ ಕೈ ಸೇದಿಹೋಗಲಿ ಎಂದು ಓಣಿಯಲ್ಲಿ ನಿಂತು ಬೈದಿದ್ದೆ. ಆ ಕೈ ನನ್ನದೇ ಇರಬಹುದು ಎಂದು ಒಂದು ಸಲವೂ ಹೊಳೆಯಲಿಲ್ಲ.

ಗ್ರಂಥಾಲಯದಲ್ಲಿ ಆ ಪುಟವನ್ನು ದೊಡ್ಡದು ಮಾಡಿ ನೋಡಿದೆ, ಚಿಕ್ಕದು ಮಾಡಿ ನೋಡಿದೆ. ಬೇರೆ ಪುಟಗಳ ಸಹಿಗೆ ಹೋಲಿಸಿದೆ. ಸಂಶೋಧನೆ ಕಲಿತಿದ್ದೇನಲ್ಲ, ಎಲ್ಲ ಕ್ರಮವಾಗಿಯೇ ಮಾಡಿದೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ತರಗತಿಗೆ ಹೋಗಿ, ಅದೇ ಹುಡುಗಿಯರ ಮುಂದೆ ನಿಂತು ಪಾಠ ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ.

ಮರುವಾರ ಗೈಡ್ ಹತ್ತಿರ ಹೋದೆ. ಹಾಜರಾತಿಯ ಅಧ್ಯಾಯ ಪೂರ್ತಿ ತಪ್ಪು, ಆ ಜಾಲತಾಣದಲ್ಲಿ ಇರುವುದು ಸಭೆಯ ದಾಖಲೆಯಲ್ಲ, ಸಹಿಯ ದಾಖಲೆ ಅಷ್ಟೆ ಎಂದೆ. ನನ್ನ ಕಥೆಯನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪೂರ್ತಿ ಕೇಳಿಸಿಕೊಂಡರು, ಆ ಮಟ್ಟಿಗೆ ಒಳ್ಳೆಯವರೇ. ಆಮೇಲೆ ಹೇಳಿದರು.

"ನೋಡಮ್ಮ, ಇದು ಎಲ್ಲರಿಗೂ ಗೊತ್ತಿರೋದೇ. ಗೊತ್ತಿರೋದು ಬೇರೆ, ಸಾಬೀತು ಬೇರೆ. ಆ ಕಡೆ ಸರ್ಕಾರದ ದಾಖಲೆ ಇದೆ. ಈ ಕಡೆ ನಿಮ್ಮ ತಾಯಿಯ ಬಾಯಿಮಾತು. ಯಾವುದನ್ನ ನಂಬಬೇಕು ಅಂತ ಕೇಳಿದ್ರೆ ನೀವು ಏನು ತೋರಿಸ್ತೀರಿ?"

ನನ್ನ ಕೈ ತೋರಿಸುತ್ತೇನೆ ಎಂದೆ. ಅದು ಇನ್ನೂ ಅಪಾಯ, ಖೋಟಾ ಸಹಿ ಹಾಕಿದೆ ಎಂದು ನೀವೇ ಬರೆದುಕೊಟ್ಟರೆ ನಾಳೆ ಕೆಲಸಕ್ಕೂ ಕುತ್ತು ಎಂದರು. ನಿಮ್ಮೂರನ್ನು ಬಿಟ್ಟುಬಿಡಿ, ಹಡಗಲಿ ಕಡೆಯದೋ ಹರಪನಹಳ್ಳಿ ಕಡೆಯದೋ ಬೇರೆ ಒಂದು ಪಂಚಾಯಿತಿ ತೆಗೆದುಕೊಳ್ಳಿ, ಹಾಜರಾತಿಯ ಕೋಷ್ಟಕ ಹಾಗೆಯೇ ಇರಲಿ, ಬೇಕಾದರೆ ಅಧ್ಯಯನದ ಮಿತಿಗಳು ಅನ್ನುವಲ್ಲಿ ಒಂದು ಸಾಲು ಸೇರಿಸೋಣ ಎಂದರು. ಒಂದು ಸಾಲು! ನನ್ನ ಅವ್ವನ ಅಷ್ಟು ವರ್ಷಗಳು ಮಿತಿಗಳು ಅನ್ನುವ ಉಪಶೀರ್ಷಿಕೆಯ ಕೆಳಗೆ ಒಂದು ಸಾಲು. ನನಗೆ ಅಲ್ಲಿಯೇ ಕೂಗಾಡಬೇಕು ಅನ್ನಿಸಿತು. ಕೂಗಾಡಲಿಲ್ಲ. ಸಹಿ ಹಾಕುವವರು ಅವರು, ಪ್ರಬಂಧ ನನ್ನದು. ಸರಿ ಸರ್, ಯೋಚನೆ ಮಾಡುತ್ತೇನೆ ಎಂದು ಹೇಳಿ ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು, ನನ್ನನ್ನೇ ಬೈದುಕೊಂಡೆ.

ಆ ಭಾನುವಾರ ಬೆಳಗಿನ ಬಸ್ಸಿಗೆ ಕೊಟ್ಟೂರಿಗೆ ಬಂದು, ಅಲ್ಲಿಂದ ಬಸ್ಸು ಬದಲಿಸಿ ಊರಿಗೆ ಹೋದೆ. ದಾರಿಯುದ್ದಕ್ಕೂ ಅವ್ವನಿಗೆ ಹೇಗೆ ಹೇಳುವುದು ಎಂದು ವಾಕ್ಯ ಜೋಡಿಸುತ್ತಿದ್ದೆ. ಪ್ರಬಂಧದಲ್ಲಿ ಎಲ್ಲವನ್ನೂ ಬರೆಯುತ್ತೇನೆ, ನಿನ್ನ ಹೆಸರು ತೊಳೆಯುತ್ತೇನೆ, ಗೈಡ್ ಒಪ್ಪದಿದ್ದರೆ ಗೈಡನ್ನೇ ಬದಲಾಯಿಸುತ್ತೇನೆ ಎಂದು ದೊಡ್ಡ ದೊಡ್ಡದಾಗಿ ಹೇಳಬೇಕು ಎಂದುಕೊಂಡಿದ್ದೆ. ಅದರಲ್ಲಿ ನನ್ನ ತಪ್ಪಿನ ಭಾಗ ಆದಷ್ಟು ಸಣ್ಣಗೆ ಬರುವ ಹಾಗೆಯೂ ಜೋಡಿಸಿದ್ದೆ. ಸುಳ್ಳು ಹೇಳಬಾರದು, ಹಾಗೆಯೇ ಜೋಡಿಸಿದ್ದೆ.

ಅವ್ವ ಅಂಗಳದಲ್ಲಿ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ಸುತ್ತಲೂ ಸಿಪ್ಪೆ ಬಿದ್ದಿತ್ತು. ಪಕ್ಕದಲ್ಲಿ ಕೂತು ಫೋನು ತೆಗೆದು ಆ ಪುಟ ತೋರಿಸಿದೆ. ಇದು ಏನು ಎಂದಳು. ನೀನು ಮೆಂಬರ್ ಇದ್ದಾಗಿನ ಪುಸ್ತಕ, ಈಗ ಎಲ್ಲರೂ ನೋಡುವ ಹಾಗೆ ಫೋನಿನಲ್ಲಿ ಹಾಕಿದ್ದಾರೆ ಎಂದೆ. ಅವಳು ಜಿಗುಟು ಬೆರಳನ್ನು ದೂರ ಹಿಡಿದು, ಬಗ್ಗಿ, ತನ್ನ ಹೆಸರನ್ನು ಓದಿದಳು. ತನ್ನ ಹೆಸರು ಓದಲು ಅವಳಿಗೆ ಈಗಲೂ ಸಂತೋಷವೇ.

"ಟ್ಯಾಂಕಿನ ಠರಾವು ಇದು," ಎಂದೆ. "ಇದರಾಗಿನ ಸಹಿ ನಂದವ್ವ. ನಾನ ಹಾಕಿದ್ದು. ನೀ ಶೇಂಗಾಕ ಹೋಗಿದ್ದಿ."

ಜೋಡಿಸಿದ್ದ ಉಳಿದ ವಾಕ್ಯ ಒಂದೂ ಬಾಯಿಗೆ ಬರಲಿಲ್ಲ. ಅವ್ವ ಫೋನಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ಬಯ್ಯುತ್ತಾಳೆ ಎಂದು ಕಾದೆ. ಬೈದಿದ್ದರೆ ಅಳಬಹುದಿತ್ತು, ಕಾಲು ಹಿಡಿಯಬಹುದಿತ್ತು. ಅವಳು ಮತ್ತೆ ಕಲ್ಲು ಎತ್ತಿಕೊಂಡು ಒಂದು ಹಣ್ಣು ಜಜ್ಜಿದಳು, ಇನ್ನೊಂದು ಜಜ್ಜಿದಳು. ಯಾವಾಗ ಗೊತ್ತಾಯಿತು ಎಂದು ಕೇಳಿದಳು. ಈ ತಿಂಗಳು ಎಂದೆ. ಅದಕ್ಕೂ ಮೊದಲು ಗೊತ್ತಿರಲಿಲ್ಲವೇ ಎಂದಳು. ಇಲ್ಲ ಎಂದೆ. ಆ ಒಂದು ಮಾತನ್ನು ಅವಳು ನಂಬಿದಳು ಎಂದು ನನಗೆ ಕಂಡಿತು.

ಇದನ್ನೆಲ್ಲ ನನ್ನ ಪುಸ್ತಕದಲ್ಲಿ ಬರೆಯುತ್ತೇನೆ, ಸರ್ಕಾರದವರು ಬರೆದದ್ದು ಸುಳ್ಳು ಎಂದು ಸಾಬೀತು ಮಾಡುತ್ತೇನೆ ಎಂದು ಶುರುಮಾಡಿದೆ. ಅವ್ವ ಕೈ ನಿಲ್ಲಿಸಿದಳು.

"ಯಾವ ಭಾಷಾದಾಗ ಬರೀತಿ?"

ಇಂಗ್ಲಿಷಿನಲ್ಲಿ ಎಂದೆ.

"ಆ ಹೆಂಗಸ್ರು ಓದ್ತಾರೇನು ಅದನ್ನ?" ಅವಳ ದನಿ ಏರಲಿಲ್ಲ, ಆದರೆ ಅಷ್ಟು ಸಿಟ್ಟು ನಾನು ಅವಳ ಬಾಯಲ್ಲಿ ಹಿಂದೆ ಕೇಳಿರಲಿಲ್ಲ. "ನಿನಗ ಓದಿದಾರು ನಂಬಬೇಕು. ನನಗ ಇವ್ರು ನಂಬಬೇಕು. ಬಾಳೇವು ಮಾಡಿದ್ದು ಇವ್ರ ಜೋಡಿ ನಾನು. ಎದ್ದು ಹೋಗು. ಹೋಗಿ ಅಲ್ಲಿ ಹೇಳು."

ನೀನೂ ಬಾ ಎಂದೆ. ತಾನು ಒಂದು ಸಲ ಹೋಗಿ ಬಂದದ್ದು ಸಾಕು ಎಂದಳು.

ಕೇರಿಯ ಬೇವಿನ ಮರದ ಕೆಳಗೆ ನಾಲ್ಕೈದು ಜನ ಹೆಂಗಸರು ಕೂತಿದ್ದರು. ಅವರಲ್ಲಿ ಹಿರಿಯಳನ್ನು ನಾನು ಚಿಕ್ಕಂದಿನಿಂದ ದೊಡ್ಡವ್ವ ಎಂದೇ ಕರೆಯುತ್ತಿದ್ದೆ. ಪಂಚಾಯಿತಿಗೆ ಹೋಗಿ ಪುಸ್ತಕ ನೋಡಿ ಬಂದವರಲ್ಲಿ ಅವಳೇ ಮುಂದಿನವಳು. ನನ್ನನ್ನು ನೋಡಿ ಕಾಲೇಜು ಮೇಡಮ್ಮರು ಬಂದರು ಎಂದು ನಕ್ಕು, ಕಟ್ಟೆಯ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಅವ್ವನ ಜೊತೆ ಮಾತು ಬಿಟ್ಟವರು ನನ್ನ ಜೊತೆ ಎಂದೂ ಮಾತು ಬಿಟ್ಟಿರಲಿಲ್ಲ, ಅದೊಂದು ಸೋಜಿಗ. ತಮ್ಮ ಮಕ್ಕಳಿಗೆ ಯಾವ ಕೋರ್ಸು ಒಳ್ಳೆಯದು, ಹಾಸ್ಟೆಲಿಗೆ ಯಾವಾಗ ಅರ್ಜಿ ಹಾಕಬೇಕು ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಕೂರಲಿಲ್ಲ. ಕೂತರೆ ಮಾತು ಬೇರೆ ಕಡೆ ಹೋಗುತ್ತದೆ ಎಂದು ಹೆದರಿ, ನಿಂತೇ ಹೇಳಿದೆ. ಟ್ಯಾಂಕಿನ ಠರಾವಿಗೆ ಸಹಿ ಹಾಕಿದ್ದು ಅವ್ವ ಅಲ್ಲ, ನಾನು. ಏನಿದೆ ಎಂದು ಓದದೆ ಹಾಕಿದೆ. ಅವ್ವ ಅವತ್ತು ನಿಮ್ಮ ಜೊತೆ ಹೊಲದಲ್ಲಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಹೇಳುವಾಗ ಫೋನು ನನ್ನ ಕೈಚೀಲದಲ್ಲಿಯೇ ಇತ್ತು, ತೆಗೆಯುವುದು ನೆನಪಿಗೇ ಬರಲಿಲ್ಲ.

ಒಬ್ಬಳು ತನ್ನ ಸೆರಗಿನ ಅಂಚನ್ನು ಮಡಿಸುತ್ತ ಬಿಚ್ಚುತ್ತ ಕೂತಳು. ನನ್ನನ್ನು ಬೈಯುತ್ತಾರೆ, ಎಷ್ಟು ಬೈದರೂ ಕೇಳಬೇಕು ಎಂದು ಗಟ್ಟಿಮಾಡಿಕೊಂಡು ಬಂದಿದ್ದೆ. ದೊಡ್ಡವ್ವ ನನ್ನ ಮುಂಗೈ ಹಿಡಿದು ಎಳೆದು ಕೂರಿಸಿಕೊಂಡಳು.

"ನೀ ಸಣ್ಣಾಕಿ ಇದ್ದಿ ಬಿಡವ್ವ, ನಿನಗೇನು ತಿಳಿತಿತ್ತು," ಎಂದಳು. "ಪುಸ್ತಕದಾಗ ಐತಿ ನೋಡ್ರಿ ಅಂದ್ರು, ನಾವು ನೋಡಿ ಬಂದ್ವಿ. ನಮಗ ಓದಾಕ ಬರ್ತಿತ್ತೇನು? ಈಗ ನೀನ ಬಂದು ಹೇಳಿದ ಮ್ಯಾಲ ಮುಗೀತು."

ಮುಗೀತು. ಇಷ್ಟು ಸುಲಭಕ್ಕೆ ಮುಗಿಯಿತು. ಅಷ್ಟು ವರ್ಷ ಅವ್ವ ಒಬ್ಬಳೇ ಕುಡುಗೋಲು ಹಿಡಿದು ಬೇರೆ ಓಣಿಯವರ ಹಿಂದೆ ಹೋದದ್ದು, ತೊಟ್ಟಿಲ ಹಾಡು ಕೇಳಿಸುವಾಗ ಬಾಗಿಲು ಎಳೆದುಕೊಂಡು ಒಳಗೆ ಕೂತದ್ದು, ಎಲ್ಲವೂ ನನ್ನ ನಾಲ್ಕು ಮಾತಿಗೆ ಮುಗಿಯಿತು. ಅವರು ನನ್ನನ್ನು ಬಯ್ಯಲಿಲ್ಲ. ಪಾಪ, ನಿಮ್ಮವ್ವ ಬಾಳ ನೊಂದಾಳ ಎಂದು ಒಬ್ಬಳು ಕಣ್ಣು ಒರೆಸಿಕೊಂಡಳು. ಇನ್ನೊಬ್ಬಳು ನಾಳೆ ಅವಳನ್ನು ಮೆಕ್ಕೆಜೋಳ ಮುರಿಯಲು ಕರೆಯುತ್ತೇವೆ ಎಂದಳು. ನನಗೆ ಹಗುರಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಇನ್ನೂ ಹೋಗಿರಲಿಲ್ಲ, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಅವರು ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಅವ್ವ ಜಜ್ಜಿದ ಹಣ್ಣನ್ನು ಮೊರಕ್ಕೆ ತುಂಬುತ್ತಿದ್ದಳು. ನಾನು ಬಂದದ್ದು ನೋಡಿದರೂ ತಲೆ ಎತ್ತಲಿಲ್ಲ.

"ನಂಬಿದ್ರೇನು?"

ನಂಬಿದರು ಅವ್ವ ಎಂದೆ. ನಾಳೆ ಕೂಲಿಗೆ ಕರೆಯುತ್ತಾರಂತೆ ಎಂದೂ ಹೇಳಿದೆ.

"ಫೋನಿನಾಗಿಂದು ತೋರಿಸಿದೇನು?"

"ಇಲ್ಲ. ಬಾಯಿಲೇ ಹೇಳಿದೆ."

ಅವ್ವ ಮೊರವನ್ನು ನೆಲಕ್ಕಿಟ್ಟು ನನ್ನ ಮುಖ ನೋಡಿದಳು.

"ನಾನೂ ಬಾಯಿಲೇ ಹೇಳಿದ್ದೆ," ಎಂದಳು.